ಕೈಕೊಡದ ಬ್ಯಾಟರಿ

ಗಂಡ: ಸ್ವಲ್ಪ ಜೋರಾಗಿ ಹೇಳ್ರೀ, ಕೇಳಿಸ್ತಿಲ್ಲ. ಇದು ಕೈಕೊಡಲ್ಲ ಅಂತ ನಿಮಗೆ ಹೇಗೆ ಗೊತ್ತು?

ಅಂಗಡಿಯವ: ಕಿರುಚ್ತಾನೇ ಇದ್ದೀನಲ್ಲ ಸ್ವಾಮಿ. ಮೊದಲು ಆ ಟ್ರ್ಯಾಕ್ಟರ್ ಆರಿಸಿ ಬನ್ನಿ.

ಗಂಡ: ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಹೇಳಿ.

ಬ್ಯಾಟರಿ ಅಂಗಡಿಯ ಬಾಗಿಲಿಗೆ ಮೂಗು ತಾಗಿಸಿಕೊಂಡು ಕೆಂಪು ಟ್ರ್ಯಾಕ್ಟರೊಂದು ಗುಡುಗುಡು ಎನ್ನುತ್ತ ನಿಂತಿದೆ. ಒಳಗೆ ಗಾಜಿನ ಕಪಾಟು ನಡುಗುತ್ತಿದೆ. ಕಪಾಟಿನ ಮೇಲಿದ್ದ ಪೆನ್ನು ನಿಧಾನವಾಗಿ ಅಂಚಿನ ಕಡೆಗೆ ಪ್ರಯಾಣ ಹೊರಟಿದೆ. ಅಂಗಡಿಯವನು ಅದನ್ನು ಹಿಡಿದು ಹಿಂದಕ್ಕಿಟ್ಟರೆ ಅದು ಮತ್ತೆ ಹೊರಡುತ್ತದೆ. ಇದ್ದ ಒಂದೇ ಸ್ಟೂಲಿನ ಮೇಲೆ ಟ್ರ್ಯಾಕ್ಟರಿನ ಒಡೆಯನ ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದಾಳೆ. ಹಾಗೆಂದು ಅವಳಿಗೆ ಮಾತು ತಪ್ಪಿಹೋಗುವುದಿಲ್ಲ. ಗಂಡ ಬಾಯಿ ತೆರೆದರೆ ಸಾಕು, ಏನು ಹೊರಬರುತ್ತದೆಂದು ಅವಳಿಗೆ ಮೊದಲೇ ಗೊತ್ತು.

ಅಂಗಡಿಯವ: ಆರಿಸಿದ್ರೆ ಏನಾಗುತ್ತೆ?

ಗಂಡ: ಮತ್ತೆ ಸ್ಟಾರ್ಟ್ ಆಗದೇ ಹೋದ್ರೆ?

ಅಂಗಡಿಯವ: ಅದಕ್ಕೇ ತಾನೇ ಹೊಸ ಬ್ಯಾಟರಿ ತಗೊಳ್ಳೋಕೆ ಬಂದಿರೋದು?

ಗಂಡ: ಇನ್ನೂ ತಗೊಂಡಿಲ್ಲವಲ್ಲ.

ಹೆಂಡತಿ: ಮೊನ್ನೆಯಿಂದ ಆರಿಸಿಲ್ಲ ಇವರು. ಮನೇಲಿ ನಾವು ಮಾತು ಬಿಟ್ಟು ಕೈಸನ್ನೆಗೆ ಬಂದಿದ್ದೀವಿ. ನಿನ್ನೆ ಅತ್ತೆ ಉಪ್ಪು ಕೇಳಿದ್ರು, ನಾನು ಏಣಿ ತಂದುಕೊಟ್ಟೆ. ಪಾಪ, ಸುಮ್ಮನೆ ಇಸ್ಕೊಂಡ್ರು.

ಗಂಡ: ಎರಡು ದಿನದ ಗಲಾಟೆ ದೊಡ್ಡದೋ, ನನ್ನ ಮರ್ಯಾದೆ ದೊಡ್ಡದೋ?

ಅಂಗಡಿಯವ: ಮರ್ಯಾದೆಗೂ ಬ್ಯಾಟರಿಗೂ ಏನು ಸಂಬಂಧ?

ಗಂಡ: ನಾಳೆ ಮಧ್ಯಾಹ್ನ ಎಳೆಯೋ ಪಂದ್ಯ ಇದೆ. ಚಕ್ರ ಇಲ್ಲದ ಕಬ್ಬಿಣದ ಬಂಡಿಗೆ ಭಾರ ಹೇರಿರ್ತಾರೆ. ಯಾರ ಟ್ರ್ಯಾಕ್ಟರ್ ಅದನ್ನ ಹೆಚ್ಚು ದೂರ ಎಳೆಯುತ್ತೋ ಅವರು ಗೆದ್ದ ಹಾಗೆ. ಆದ್ರೆ ಗೆರೆ ಮೇಲೆ ಎಂಜಿನ್ ಆರಿಸಿ ನಿಲ್ಲಿಸ್ಬೇಕು, ಸೀಟಿ ಊದಿದ ಮೇಲೇ ಸ್ಟಾರ್ಟ್ ಮಾಡ್ಬೇಕು. ಹೋದ ವರ್ಷ ಸೀಟಿ ಊದಿದ್ರು.

ಅಂಗಡಿಯವ: ಆಮೇಲೆ?

ಗಂಡ: ಊದ್ತಾನೇ ಇದ್ರು.

ಹೆಂಡತಿ: ಕೊನೆಗೆ ನನ್ನ ತಮ್ಮ ಅವನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಇವರನ್ನ ಮನೆ ತನಕ ಎಳ್ಕೊಂಡು ಬಂದ. ಕಪ್ ಗೆದ್ದೋನು ಎಳೆದಿದ್ದು ಅರ್ಧ ಮೈದಾನ. ನಿಜ ಹೇಳ್ಬೇಕು ಅಂದ್ರೆ ಅವತ್ತು ಎಲ್ಲರಿಗಿಂತ ದೂರ ಎಳೆದೋನು ನನ್ನ ತಮ್ಮನೇ.

ಗಂಡ: ಬೇಕಂತ ನಿಧಾನಕ್ಕೆ ಎಳೆದ. ದಾರೀಲಿ ಸಿಕ್ಕಿದವರನ್ನೆಲ್ಲ ನಿಲ್ಸಿ ಯೋಗಕ್ಷೇಮ ವಿಚಾರಿಸ್ದ. ನಾನು ಹಿಂದೆ ಸ್ಟಿಯರಿಂಗ್ ಹಿಡ್ಕೊಂಡು ಗೊಂಬೆ ಥರ ಕೂತಿದ್ದೆ. ಇನ್ನೊಂದು ಸಲ ಆ ಹಗ್ಗದ ಹಿಂದೆ ಹೋಗೋ ಬದಲು ಟ್ರ್ಯಾಕ್ಟರನ್ನೇ ಮಾರ್ತೀನಿ.

ಅವನ ದನಿ ನಿಜವಾಗಿಯೂ ನಡುಗಿತು. ಅದರಲ್ಲಿ ಎಂಜಿನ್ನಿನ ಪಾಲೂ ಸ್ವಲ್ಪ ಇತ್ತೆನ್ನಿ. ಅಂಗಡಿಯವನಿಗೆ ಕನಿಕರವಾಗಿ, ಒಳಗಿನಿಂದ ಇನ್ನೂ ದೊಡ್ಡದೊಂದು ಬ್ಯಾಟರಿಯನ್ನು ಏದುಸಿರು ಬಿಡುತ್ತ ತಂದಿಟ್ಟ.

ಅಂಗಡಿಯವ: ಇದನ್ನ ತಗೊಳ್ಳಿ. ಮೂರು ವರ್ಷ ಗ್ಯಾರಂಟಿ.

ಗಂಡ: ಗ್ಯಾರಂಟಿ ಅಂದ್ರೆ ಕೆಡಲ್ಲ ಅಂತಾನಾ?

ಅಂಗಡಿಯವ: ಕೆಟ್ರೆ ಬೇರೆ ಕೊಡ್ತೀವಿ ಅಂತ.

ಗಂಡ: ಅಂದ್ರೆ ಕೆಡುತ್ತೆ ಅಂತ ನಿಮಗೂ ಗೊತ್ತು.

ಅಂಗಡಿಯವ: ಕೆಡಲ್ಲ ಸ್ವಾಮಿ.

ಗಂಡ: ಮತ್ತೆ ಗ್ಯಾರಂಟಿ ಯಾಕೆ?

ಹೆಂಡತಿ: ಕೊಡೋವಾಗ ಇಸ್ಕೊಳ್ಳಿ. ನಿಮ್ಮನ್ನ ಕಟ್ಕೊಳ್ಳೋವಾಗ ನಾನು ಕೇಳಲಿಲ್ಲ, ಈಗ ಅನುಭವಿಸ್ತಿದ್ದೀನಿ.

ಗಂಡ: ನೀನು ಸುಮ್ನಿರು. ಸರಿ, ನಾಳೆ ಮೈದಾನದಲ್ಲೇ ಕೆಟ್ಟುಹೋದ್ರೆ?

ಅಂಗಡಿಯವ: ಇಲ್ಲಿಗೆ ತನ್ನಿ.

ಗಂಡ: ಹೇಗೆ ತರ್ಲಿ? ಟ್ರ್ಯಾಕ್ಟರ್ ನಿಂತಿರುತ್ತೆ.

ಅಂಗಡಿಯವ: ಬೇರೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸ್ಕೊಂಡು ಬನ್ನಿ.

ಗಂಡ: ಯಾರ ಟ್ರ್ಯಾಕ್ಟರಿಗೆ?

ಅಂಗಡಿಯವನ ಕಣ್ಣು ತಾನಾಗಿಯೇ ಹೆಂಡತಿಯ ಕಡೆ ಹೊರಳಿತು.

ಗಂಡ: ನೋಡಿದ್ಯಾ? ಗ್ಯಾರಂಟಿ ಜೊತೆ ಭಾವಮೈದ ಉಚಿತ.

ಅಂಗಡಿಯವ: ಮೀಟರ್ ಹಚ್ಚಿ ತೋರಿಸ್ತೀನಿ, ಬನ್ನಿ. ನೋಡಿ, ಮುಳ್ಳು ಹಸಿರಿನಲ್ಲೇ ಇದೆ.

ಗಂಡ: ನಡುಗ್ತಿದೆ.

ಅಂಗಡಿಯವ: ಇಡೀ ಅಂಗಡೀನೇ ನಡುಗ್ತಿದೆ, ನಿಮ್ಮ ಟ್ರ್ಯಾಕ್ಟರಿಂದ.

ಗಂಡ: ಇಷ್ಟಕ್ಕೇ ನಡುಗೋದು ನಾಳೆ ಅಷ್ಟು ಜನರ ಮುಂದೆ ಹೇಗೆ ನಿಲ್ಲುತ್ತೆ? ಅದಿರ್ಲಿ, ನಿಮ್ಮ ಗೋಡೆ ಗಡಿಯಾರ ಯಾಕೆ ನಿಂತಿದೆ?

ಅಂಗಡಿಯವ: ಸೆಲ್ ಹೋಗಿದೆ.

ಗಂಡ: ಬ್ಯಾಟರಿ ಅಂಗಡೀಲಿ?

ಅಂಗಡಿಯವ: ಅದು ಸಣ್ಣದು ಸ್ವಾಮಿ. ನಾವು ದೊಡ್ಡದು ಮಾತ್ರ ಮಾರೋದು.

ಗಂಡ: ನೀವು ದಿನಾ ಅಂಗಡಿಗೆ ಹೇಗೆ ಬರ್ತೀರಿ?

ಅಂಗಡಿಯವನು ಏನೋ ಗೊಣಗಿದ.

ಗಂಡ: ಏನಂದ್ರಿ?

ಅಂಗಡಿಯವ: ಸೈಕಲ್ ಅಂದೆ.

ಗಂಡ: ಹಾಗಿದ್ರೆ ಎರಡು ಬ್ಯಾಟರಿ ಕೊಡಿ. ಒಂದು ಕೈಕೊಟ್ರೆ ಇನ್ನೊಂದು.

ಹೆಂಡತಿ: ಇನ್ನೊಂದೂ ಕೈಕೊಟ್ರೆ?

ಗಂಡ: ಹೌದಲ್ಲ. ಮೂರು ಕೊಡಿ.

ಹೆಂಡತಿ: ಅಂಗಡೀಲಿರೋದೆಲ್ಲ ತಗೊಂಡು ಆ ಬಂಡಿ ಮೇಲೇ ಹೇರಿ. ನಾಳೆ ಅದನ್ನೇ ಎಳೆಯೋರಂತೆ.

ಅಂಗಡಿಯವ: ಅಲ್ಲ, ಒಂದು ಮಾತು ಕೇಳ್ತೀನಿ. ಹೋದ ವರ್ಷದ ಬ್ಯಾಟರಿ ಎಷ್ಟು ಹಳೇದಾಗಿತ್ತು?

ಹೆಂಡತಿ: ಹಿಂದಿನ ದಿನ ತಂದಿದ್ದು.

ಅಂಗಡಿಯವ: ಹೊಸದು ಕೈಕೊಡ್ತಾ?

ಹೆಂಡತಿ: ಕೈಕೊಡದೆ ಏನ್ ಮಾಡುತ್ತೆ? ತಂದ ಗಳಿಗೆಯಿಂದ ಇವರು ಪರೀಕ್ಷೆ ಮಾಡಿದ್ರು. ಸ್ಟಾರ್ಟ್ ಆಗುತ್ತಾ ಅಂತ ಸ್ಟಾರ್ಟ್ ಮಾಡೋದು, ಆಯ್ತು ಅಂತ ಆರಿಸೋದು. ಆರಿಸಿದ ಕೂಡಲೇ ಮತ್ತೆ ಅನುಮಾನ. ಪಾಪ, ಪ್ರತಿ ಸಲನೂ ಆಯ್ತು. ಮೈದಾನಕ್ಕೆ ಹೋಗೋ ಹೊತ್ತಿಗೆ ಅದಕ್ಕೇ ಸಾಕಾಗಿತ್ತು.

ಗಂಡ: ಅದಕ್ಕೇ ಈ ಸಲ ಆರಿಸೋದೇ ಬೇಡ ಅಂತಿರೋದು. ತಪ್ಪು ತಿದ್ಕೊಂಡ್ರೂ ಬೈತೀಯಲ್ಲ.

ಅಂಗಡಿಯವನು ಮತ್ತೆ ಹೊರಟಿದ್ದ ಪೆನ್ನನ್ನು ಹಿಡಿದು ಜೇಬಿಗೆ ಸಿಕ್ಕಿಸಿಕೊಂಡ. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು ಬಾಗಿಲ ಕಡೆ ನಡೆದ.

ಅಂಗಡಿಯವ: ಮಾತು ಸಾಕು. ಈ ಬ್ಯಾಟರಿ ಹಾಕ್ತೀನಿ. ಹೋಗಿ ಆರಿಸಿ.

ಗಂಡ: ಓಡ್ತಿರೋವಾಗ್ಲೇ ಹಾಕಿ.

ಅಂಗಡಿಯವ: ಓಡ್ತಿರೋನ ಚಪ್ಪಲಿ ಬದಲಾಯಿಸೋಕಾಗುತ್ತಾ?

ಗಂಡ: ಹಾಗಿದ್ರೆ ಇದು ಸ್ಟಾರ್ಟ್ ಮಾಡುತ್ತೆ ಅಂತ ಮೊದಲು ತೋರ್ಸಿ. ಆಮೇಲೆ ಆರಿಸ್ತೀನಿ.

ಅಂಗಡಿಯವ: ಆರಿಸಿದ್ರೆ ತಾನೇ ಸ್ಟಾರ್ಟ್ ಮಾಡಿ ತೋರ್ಸೋದು?

ಗಂಡ: ತೋರ್ಸಿದ್ರೆ ತಾನೇ ಆರಿಸೋದು?

ಹೆಂಡತಿ: ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತಾರೆ. ಇವರದು ಮದುವೆ ಆಗಿಯೂ ಬಿಟ್ಟಿಲ್ಲ.

ಆಗ ಹೊರಗೆ ಟ್ರ್ಯಾಕ್ಟರು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಸೀನಿತು, ನಿಂತುಹೋಯಿತು. ಕಪಾಟು ನಡುಗುವುದನ್ನು ಬಿಟ್ಟಿತು. ಹೆಂಡತಿ ಕಿವಿಯಿಂದ ಹತ್ತಿ ತೆಗೆದಳು. ಎರಡು ದಿನದ ಮೇಲೆ ಸಿಕ್ಕಿದ ನಿಶ್ಶಬ್ದ ಅವಳಿಗೆ ಎಷ್ಟು ಹಿತವಾಯಿತೆಂದರೆ ಕಣ್ಣಂಚು ಒದ್ದೆಯಾಯಿತು.

ಅಂಗಡಿಯವ (ಕಿರುಚಿ): ಒಳ್ಳೇದೇ ಆಯ್ತು ಬಿಡಿ.

ಹೆಂಡತಿ: ಮೆಲ್ಲಗೆ ಹೇಳಿ, ಕೇಳಿಸುತ್ತೆ.

ಗಂಡ: ನಾನು ಆರಿಸ್ಲಿಲ್ಲ. ನಾನಂತೂ ಆರಿಸ್ಲಿಲ್ಲ.

ಗಂಡ ಇನ್ನೂ ಅಷ್ಟನ್ನೇ ಹೇಳುತ್ತಿರುವಾಗ ಅಂಗಡಿಯವನು ಹಳೆಯದನ್ನು ಕಿತ್ತು ಹೊಸದನ್ನು ಬಿಗಿದ. ಗಂಡ ಹತ್ತಿ ಕೂತು, ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದ. ಎಂಜಿನ್ನು ಗರಗರ ತಿರುಗಿತು, ಹೊತ್ತಿಕೊಳ್ಳಲಿಲ್ಲ.

ಗಂಡ: ನೋಡಿದ್ರಾ? ಹಾಕಿ ಒಂದು ಗಳಿಗೆ ಆಗಿಲ್ಲ, ಕೈಕೊಡ್ತು.

ಅಂಗಡಿಯವ: ಬ್ಯಾಟರಿ ಜೋರಾಗಿ ತಿರುಗಿಸ್ತಿದೆಯಲ್ಲ ಸ್ವಾಮಿ. ಇರಿ.

ಅವನು ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕಡ್ಡಿ ಇಳಿಬಿಟ್ಟ. ಕಡ್ಡಿ ತುದಿ ಕೂಡ ಒದ್ದೆಯಾಗದೆ ಮೇಲೆ ಬಂತು.

ಅಂಗಡಿಯವ: ಡೀಸೆಲ್ ಇಲ್ಲ.

ಗಂಡ: ಅದು ಹೇಗೆ ಖಾಲಿಯಾಗುತ್ತೆ? ಮೊನ್ನೆ ಟ್ಯಾಂಕ್ ತುಂಬಿಸಿದ್ದು. ಮನೆಯಿಂದ ಇಲ್ಲಿಗೆ ಬಿಟ್ರೆ ಗಾಡಿ ಎಲ್ಲಿಗೂ ಹೋಗಿಲ್ಲ, ನಿಂತಲ್ಲೇ ಇತ್ತು.

ಅಂಗಡಿಯವ: ಈಗ ಕ್ಯಾನಲ್ಲಿ ತಂದು ಸುರಿದ್ರೂ ಆಗಲ್ಲ. ಪೂರ್ತಿ ಬತ್ತಿದ್ರೆ ಪೈಪಿಗೆ ಗಾಳಿ ಹೊಕ್ಕಿರುತ್ತೆ. ಅದನ್ನ ತೆಗೆಸೋಕೆ ಮೆಕ್ಯಾನಿಕ್ ಹತ್ರ ಎಳ್ಕೊಂಡು ಹೋಗ್ಬೇಕು.

'ಎಳ್ಕೊಂಡು' ಎಂಬ ಮಾತಿಗೆ ಗಂಡ ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ಹೆಂಡತಿ ಆಗಲೇ ಫೋನು ಕಿವಿಗೆ ಹಿಡಿದಿದ್ದಳು. ತಮ್ಮ ಎಷ್ಟು ಬೇಗ ಬಂದನೆಂದರೆ ಬೀದಿಯ ತಿರುವಿನಲ್ಲೇ ಕಾದಿದ್ದನೋ ಏನೋ.

ಹೆಂಡತಿ: ಹಗ್ಗ ಹುಡುಕ್ಬೇಕಾಯ್ತೇನೋ?

ತಮ್ಮ: ಇಲ್ಲಕ್ಕ. ಹೋದ ವರ್ಷದಿಂದ ಸೀಟಿನ ಕೆಳಗೇ ಇದೆ. ಭಾವನ ಮೇಲೆ ನನಗೆ ನಂಬಿಕೆ ಇತ್ತು.

ಹಗ್ಗ ಬಿಗಿಯಾಯಿತು. ಕೆಂಪು ಟ್ರ್ಯಾಕ್ಟರು ಅಲುಗಿತು. ಆಗ ಗಂಡನಿಗೆ ಏನು ಹೊಳೆಯಿತೋ, ಹಣೆ ಎತ್ತಿ, ನೆಟ್ಟಗೆ ಕೂತು, ಹಗಲಿನಲ್ಲೇ ಎರಡೂ ದೀಪ ಹಾಕಿದ. ಹಾರ್ನಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದ.

ಗಂಡ (ಬೀದಿಯ ಒಂದೊಂದು ಅಂಗಡಿಗೂ): ಬ್ಯಾಟರಿ ಹೊಸದು. ಕೇಳಿ ಬೇಕಾದ್ರೆ. ಡೀಸೆಲ್ ಮಾತ್ರ ಇಲ್ಲ. ಬ್ಯಾಟರಿ ಹೊಸದು.

ಭಾವಮೈದ ಅಲ್ಲಲ್ಲಿ ನಿಲ್ಲಿಸಿ ಯೋಗಕ್ಷೇಮ ವಿಚಾರಿಸುತ್ತ ಮುಂದೆ ಹೋದ. ಮೆರವಣಿಗೆ ತಿರುವಿನಲ್ಲಿ ಮರೆಯಾದರೂ ಹಾರ್ನು ನಿಲ್ಲಲಿಲ್ಲ.

ಅಂಗಡಿಯವ: ಕೇಳಿದ್ರಾ ತಾಯಿ, ಎಂಥಾ ದನಿ. ಅಂತೂ ನಿಮ್ಮೆಜಮಾನರಿಗೆ ನಂಬಿಕೆ ಬಂತು.

ಹೆಂಡತಿ ತಲೆ ಓರೆ ಮಾಡಿ ಆಲಿಸಿದಳು. ದೂರದಲ್ಲಿ ಹಾರ್ನಿನ ದನಿ ಆಗಲೇ ಸ್ವಲ್ಪ ಸೊರಗತೊಡಗಿತ್ತು.

ಹೆಂಡತಿ: ಇಂಥದ್ದೇ ಇನ್ನೊಂದು ಬ್ಯಾಟರಿ ತೆಗೆದಿಡಿ. ನಾಳೆ ಸೀಟಿ ಊದೋ ಹೊತ್ತಿಗೆ ಸರಿಯಾಗಿ ನೀವೇ ಸೈಕಲ್ ಮೇಲೆ ಇಟ್ಕೊಂಡು ಬನ್ನಿ. ಸದ್ಯಕ್ಕೆ ಕೈಕೊಡಲ್ಲ ಅಂತ ನನಗೆ ಗ್ಯಾರಂಟಿ ಇರೋದು ಆ ಸೈಕಲ್ ಒಂದೇ.