ವಿಷಯ ಒಂಬತ್ತನೇ ಚಿತ್ರದಲ್ಲಿದೆ

ಲ್ಯಾಬಕ್ಕ: ಒಂದೇ ಚಿತ್ರ ಸಾಕು ಅಂತ ಆಗಿನಿಂದ ಬಡ್ಕೋತಿದೀನಿ. ಬಿಳಿ ಹಾಳೆ, ಕಪ್ಪು ಅಕ್ಷರ. ನಾಲ್ಕನೇ ಟ್ಯಾಂಕಿನ ನೀರು ಕೆಟ್ಟಿದೆ, ಕುಡೀಬೇಡಿ, ಕುದಿಸಿ ಆರಿಸಿ ಕುಡೀರಿ. ಮುಗೀತು.

ಸ್ವೈಪಣ್ಣ: ಮುಗೀತು ಅಂತ ನೀವೇ ಹೇಳ್ತೀರಲ್ಲ ಅಕ್ಕ, ಅದೇ ತೊಂದರೆ. ಮೊದಲನೇ ಚಿತ್ರದಲ್ಲೇ ಮುಗಿದುಹೋದ್ರೆ ಜನ ಎರಡನೇದಕ್ಕೆ ಯಾಕೆ ಬರ್ತಾರೆ?

ಲ್ಯಾಬಕ್ಕ: ಬರೋದು ಬೇಡ. ಎದ್ದುಹೋಗಿ ನೀರು ಕಾಯಿಸ್ಲಿ.

ಸ್ವೈಪಣ್ಣ: ಹಾಗೆ ಎದ್ದುಹೋದ್ರೆ ನಮ್ಮ ಪೇಜಿನ ಗತಿ ಏನು?

ನೀರು ಸರಬರಾಜು ಕಚೇರಿಯ ಎರಡನೇ ಮಹಡಿಯಲ್ಲಿ, ಗಂಟೆ ಒಂಬತ್ತಾಗುವ ಮೊದಲೇ ಈ ಜಗಳ ಕಾವೇರಿತ್ತು. ಲ್ಯಾಬಕ್ಕ ಎಂದರೆ ಕೆಳಗಿನ ಪ್ರಯೋಗಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಊರಿನ ನೀರು ಪರೀಕ್ಷಿಸುತ್ತಿದ್ದವಳು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ಆ ಬೆಳಗ್ಗೆ ಬೆಚ್ಚನೆಯ ಪೆಟ್ಟಿಗೆಯಿಂದ ಪರೀಕ್ಷೆಯ ತಟ್ಟೆ ತೆಗೆದು ನೋಡಿದರೆ, ನಾಲ್ಕನೇ ಟ್ಯಾಂಕಿನ ತಟ್ಟೆಯ ತುಂಬ ಸಾಸಿವೆ ಚೆಲ್ಲಿದಂತೆ ಕ್ರಿಮಿಗಳ ಚುಕ್ಕೆಗಳು. ಎಲ್ಲೋ ಒಡೆದ ಚರಂಡಿ ಪೈಪು ಕುಡಿಯುವ ನೀರಿನ ಪೈಪಿನೊಂದಿಗೆ ಸಂಬಂಧ ಬೆಳೆಸಿತ್ತು. ಆ ಟ್ಯಾಂಕಿನಿಂದ ನೀರು ಹೋಗುವುದು ಸಾವಿರದ ಇನ್ನೂರು ಮನೆಗಳಿಗೆ. ಬಿಳಿ ಕೋಟನ್ನೂ ಬಿಚ್ಚದೆ ಮೆಟ್ಟಿಲು ಹತ್ತಿ ಬಂದಿದ್ದಳು.

ಮೊದಲಾಗಿದ್ದರೆ ಧ್ವನಿವರ್ಧಕ ಕಟ್ಟಿದ ವ್ಯಾನು ಬೀದಿ ಬೀದಿ ಸುತ್ತಿ ಕೂಗುತ್ತಿತ್ತು. ಅದು ಹಳೇ ಕಾಲದ ಗದ್ದಲ ಎಂದು ಕಚೇರಿಯ ಮುಖ್ಯಸ್ಥರಾದ ಸಾಹೇಬರು ಕಳೆದ ವರ್ಷವೇ ಅದರ ಬಾಯಿ ಮುಚ್ಚಿಸಿ, ತಮ್ಮ ಉದ್ಘಾಟನೆಗಳ ಫೋಟೊ ತೆಗೆಯುವವರ ದೀಪ, ಕ್ಯಾಮೆರಾ ಹೊರುವ ಕೆಲಸಕ್ಕೆ ಹಚ್ಚಿದ್ದರು. ಈಗ ಜನರಿಗೆ ಏನು ಹೇಳಬೇಕಿದ್ದರೂ ಅದು ಸ್ವೈಪಣ್ಣನ ಮೂಲಕ, ಫೋನಿನಲ್ಲಿ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ಒಂದರ ಹಿಂದೊಂದು ನೋಡುವ ಹತ್ತು ಚಿತ್ರಗಳಲ್ಲಿ ಹೋಗಬೇಕು. ಅದಕ್ಕೆ ಕ್ಯಾರಸೆಲ್ ಎಂದು ಹೆಸರು. ಆ ಚಿತ್ರಗಳ ವಿನ್ಯಾಸಕನಿಗೆ ಸ್ವೈಪಣ್ಣ ಎಂಬ ಹೆಸರಿಟ್ಟಿದ್ದು ಟೈಪಿಂಗ್ ವಿಭಾಗದವರು. ಅವನಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು.

ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಮೊದಲ ಚಿತ್ರದಲ್ಲಿ ತಿಳಿನೀಲಿ ಹಿನ್ನೆಲೆ, ಫಳಫಳ ಹೊಳೆಯುವ ಒಂದು ಲೋಟ ನೀರು. ಕೆಳಗೆ, ನಿಮ್ಮ ಲೋಟದ ಬಗ್ಗೆ ನಿಮಗೆಷ್ಟು ಗೊತ್ತು, ಎಂಬ ಪ್ರಶ್ನೆ.

ಲ್ಯಾಬಕ್ಕ: ಇದನ್ನ ನೋಡಿದ್ರೆ ನನಗೇ ಬಾಯಾರಿಕೆ ಆಗ್ತಿದೆ.

ಸ್ವೈಪಣ್ಣ: ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ಮೊದಲು ಕೊಕ್ಕೆ ಹಾಕ್ಬೇಕು, ಆಮೇಲೆ ಎಳೀಬೇಕು.

ಲ್ಯಾಬಕ್ಕ: ಮೀನು ಹಿಡೀತಿದೀವಾ ನಾವು? ವಿಷಯ ಎಲ್ಲಿದೆ?

ಸ್ವೈಪಣ್ಣ: ಒಂಬತ್ತನೇದರಲ್ಲಿ.

ಲ್ಯಾಬಕ್ಕ: ಹತ್ತನೇದರಲ್ಲಿ?

ಸ್ವೈಪಣ್ಣ: ಸಾಹೇಬರ ಫೋಟೊ. ನಮ್ಮನ್ನು ಹಿಂಬಾಲಿಸಿ ಅಂತ.

ಒಂಬತ್ತನೇ ಚಿತ್ರದಲ್ಲಿ ಒಂದು ಕ್ರಿಮಿ ಇತ್ತು. ಗುಂಡು ಮುಖ, ಗುಲಾಬಿ ಕೆನ್ನೆ, ಕೈ ಬೀಸಿ ನಗುತ್ತಿತ್ತು. ಪಕ್ಕದಲ್ಲಿ, ನಿಮ್ಮ ನೀರಿನಲ್ಲಿ ಕೆಲವು ಅನಿರೀಕ್ಷಿತ ಅತಿಥಿಗಳಿದ್ದಾರೆ, ಎಂದು ಬರೆದಿತ್ತು. ಕುದಿಸಿ ಕುಡಿಯಿರಿ ಎಂಬ ಮಾತು ಅದರ ಕಾಲ ಬುಡದಲ್ಲಿ, ಔಷಧದ ಸೀಸೆಯ ಮೇಲಿನ ಅಕ್ಷರದಷ್ಟು ಸಣ್ಣದಾಗಿ ಕೂತಿತ್ತು.

ಲ್ಯಾಬಕ್ಕ: ಇದು ಯಾಕೆ ನಗ್ತಿದೆ?

ಸ್ವೈಪಣ್ಣ: ಜನರನ್ನ ಹೆದರಿಸಬಾರದು ಅಕ್ಕ. ಹೆದರಿದವರು ಬೆರಳು ಸರಿಸೋದಿಲ್ಲ.

ಲ್ಯಾಬಕ್ಕ: ಇದನ್ನ ನೋಡಿದ್ರೆ ಮನೇಲಿ ಎರಡು ಸಾಕ್ಕೊಳ್ಳೋಣ ಅನ್ಸುತ್ತೆ. ಚರಂಡಿ ನೀರು ಸೇರಿದೆ, ಮಲದ ಕ್ರಿಮಿ ಇದೆ ಅಂತ ಬರೀರಿ.

ಸ್ವೈಪಣ್ಣ: ಆ ಪದ ಬೇಡ. ಜನ ಊಟ ಮಾಡ್ತಾ ನೋಡ್ತಿರ್ತಾರೆ.

ಲ್ಯಾಬಕ್ಕ: ಊಟದ ಜೊತೆ ಅದನ್ನೇ ಕುಡೀತಿರ್ತಾರಲ್ಲಪ್ಪ.

ಅಷ್ಟರಲ್ಲಿ ಸಾಹೇಬರು ಒಳಬಂದರು. ಲ್ಯಾಬಕ್ಕ ಮತ್ತೆ ಮೊದಲಿನಿಂದ ಹೇಳಿದಳು. ಅವರು ಕಿವಿ ಅವಳಿಗೆ ಕೊಟ್ಟು ಕಣ್ಣು ಹತ್ತನೇ ಚಿತ್ರಕ್ಕೆ ಕೊಟ್ಟರು. ಫೋಟೊದಲ್ಲಿ ತಮ್ಮ ಗಲ್ಲ ಸ್ವಲ್ಪ ದಪ್ಪ ಕಾಣುತ್ತಿದೆಯೆ ಎಂದು ವಿಚಾರಿಸಿದರು. ಅದು ಇತ್ಯರ್ಥವಾದ ಮೇಲೆ, ಹತ್ತು ಚಿತ್ರಕ್ಕೆ ಜಾಗ ಇರುವಾಗ ಒಂದರಲ್ಲಿ ಮುಗಿಸುವುದು ಸೋಮಾರಿತನ ಎಂದೂ, ಕಳೆದ ತಿಂಗಳು ಪಕ್ಕದ ಊರಿನವರ ಪೋಸ್ಟಿಗೆ ನಮಗಿಂತ ಹೆಚ್ಚು ಮೆಚ್ಚುಗೆಯ ಹೃದಯ ಬಿದ್ದಿದ್ದು ಮೇಲಿನವರ ಗಮನಕ್ಕೆ ಬಂದಿದೆ ಎಂದೂ ತಿಳಿಹೇಳಿದರು.

ಲ್ಯಾಬಕ್ಕ: ಸರಿ ಸಾರ್, ಹತ್ತೇ ಆಗ್ಲಿ. ಈಗ್ಲಾದ್ರೂ ಹಾಕಿ.

ಸ್ವೈಪಣ್ಣ: ಹನ್ನೊಂದಕ್ಕೆ. ಜನ ಫೋನ್ ನೋಡೋ ಹೊತ್ತು ಅದು.

ಲ್ಯಾಬಕ್ಕ: ಒಂಬತ್ತು ಗಂಟೆ ಜನ ನೀರು ಕುಡಿಯೋ ಹೊತ್ತು.

ಸಾಹೇಬರು: ನೋಡೀಮ್ಮ, ಅವರವರ ಕೆಲಸ ಅವರವರಿಗೆ. ನೀವು ತಟ್ಟೆ ನೋಡ್ಕೊಳ್ಳಿ, ಅವರು ಚಿತ್ರ ನೋಡ್ಕೋತಾರೆ. ನಮ್ಮನೆಯೂ ಅದೇ ಟ್ಯಾಂಕಿಗೇ ಸೇರಿದ್ದು. ನನಗೆ ಚಿಂತೆ ಇರಲ್ವಾ?

ಆ ಎರಡು ಗಂಟೆಯಲ್ಲಿ ಸಾವಿರದ ಇನ್ನೂರು ಮನೆಗಳಲ್ಲಿ ಎಷ್ಟು ಜನ ನಲ್ಲಿಗೆ ಲೋಟ ಹಿಡಿದರೆಂದು ಯಾವ ಗ್ರಾಫೂ ತೋರಿಸುವುದಿಲ್ಲ. ಅದನ್ನು ಎಣಿಸಲು ಕಚೇರಿಯಲ್ಲಿ ಯಾರನ್ನೂ ನೇಮಿಸಿಲ್ಲ. ಹೃದಯ ಎಣಿಸಲು ನೇಮಿಸಿದ್ದಾರೆ. ಲ್ಯಾಬಕ್ಕ ಕೆಳಗಿಳಿದು ಬಂದು ಆ ಭಾಗದ ಎರಡು ಶಾಲೆಗಳಿಗೆ, ಹೆರಿಗೆ ಆಸ್ಪತ್ರೆಗೆ ತಾನೇ ಫೋನ್ ಮಾಡಿ ಹೇಳಿದಳು. ಉಳಿದ ಮನೆಗಳ ನಂಬರು ಅವಳ ಬಳಿ ಇರಲಿಲ್ಲ. ತಟ್ಟೆಯನ್ನು ಎರಡು ಸಲ ಮುಚ್ಚಿಟ್ಟಳು, ಎರಡು ಸಲವೂ ತೆಗೆದು ನೋಡಿದಳು. ಚುಕ್ಕೆಗಳು ಅಲ್ಲೇ ಇದ್ದವು.

ಹನ್ನೆರಡೂವರೆಗೆ ಸ್ವೈಪಣ್ಣ ಪ್ರಯೋಗಶಾಲೆಯ ಬಾಗಿಲಲ್ಲಿ ಪ್ರತ್ಯಕ್ಷನಾದ. ಪರೀಕ್ಷೆಯಲ್ಲಿ ತರಗತಿಗೆ ಮೊದಲು ಬಂದವನ ಮುಖ. ಮೂರು ತಿಂಗಳಲ್ಲಿ ಹಾಕಿದ ಎಲ್ಲ ಪೋಸ್ಟುಗಳನ್ನು ಸೇರಿಸಿದರೂ ಇಷ್ಟು ಜನ ನೋಡಿಲ್ಲ, ಸಾಹೇಬರು ಬೆನ್ನು ತಟ್ಟಿ ತಮ್ಮ ಮನೆಗೂ ಕಳಿಸಿದ್ದಾರೆ, ಮನೆಯಿಂದ ಹೃದಯವೂ ಬಂದಿದೆ, ಎಂದೆಲ್ಲ ಒಂದೇ ಉಸಿರಿಗೆ ಹೇಳಿದ.

ಲ್ಯಾಬಕ್ಕ: ಒಂಬತ್ತನೇದಕ್ಕೆ ಎಷ್ಟು ಜನ ತಲುಪಿದ್ರು?

ಸ್ವೈಪಣ್ಣ: ಅದು ಸ್ವಲ್ಪ ಕಮ್ಮಿ. ಆದ್ರೆ ಐದನೇದನ್ನ ನೋಡ್ಬೇಕು ಅಕ್ಕ. ಅದೊಂದನ್ನೇ ಕತ್ತರಿಸಿ ತೆಗೆದು ಒಂಬೈನೂರು ಜನ ತಮ್ಮ ತಮ್ಮ ಗುಂಪುಗಳಿಗೆ ಕಳಿಸಿದಾರೆ.

ಲ್ಯಾಬಕ್ಕ: ಕಮ್ಮಿ ಅಂದ್ರೆ ಎಷ್ಟು?

ಸ್ವೈಪಣ್ಣ: ಹದಿನೇಳು. ಅದ್ರಲ್ಲಿ ನಾನು ಮೂರು ಸಲ ನೋಡಿದೀನಿ.

ಲ್ಯಾಬಕ್ಕ: ಐದನೇದರಲ್ಲಿ ಏನಿದೆ?

ಸ್ವೈಪಣ್ಣ ಫೋನಿನಲ್ಲಿ ಐದನೇ ಚಿತ್ರ ತೆರೆದ. ಹತ್ತು ಚಿತ್ರ ತುಂಬಿಸಲು ಸರಕು ಸಾಲದೆ, ಮೂರನೆಯದರಲ್ಲಿ ಟ್ಯಾಂಕು ಕಟ್ಟಿದ ವರ್ಷ, ನಾಲ್ಕನೆಯದರಲ್ಲಿ ಪೈಪುಗಳ ಒಟ್ಟು ಉದ್ದ ಹಾಕಿ, ಐದನೆಯದಕ್ಕೆ ಏನೂ ತೋಚದೆ ಹಿಂದಿನ ಬೇಸಿಗೆಯ ಒಂದು ಪೋಸ್ಟಿನಿಂದ ಆರೋಗ್ಯದ ಸಲಹೆಯೊಂದನ್ನು ಎತ್ತಿ ಹಾಕಿದ್ದ. ಅದು ಅವನಿಗೆ ಈಗ ನೆನಪಾಗುತ್ತಿರುವುದು ಮುಖದಲ್ಲೇ ಕಂಡಿತು.

ಲ್ಯಾಬಕ್ಕ: ಓದಿ ಸ್ವಾಮಿ.

ಸ್ವೈಪಣ್ಣ: ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ, ಆರೋಗ್ಯವಾಗಿರಿ.

ಲ್ಯಾಬಕ್ಕ: ಮೂಲೆಯಲ್ಲಿ ನಮ್ಮ ಕಚೇರಿ ಮುದ್ರೆ ಇದೆಯಾ?

ಸ್ವೈಪಣ್ಣ: ಎಲ್ಲ ಚಿತ್ರಕ್ಕೂ ಹಾಕೋದು ಪದ್ಧತಿ.

ಕುಡಿಯಬೇಡಿ ಎಂದು ಹೇಳಲು ಹೊರಟ ಕಚೇರಿ, ತನ್ನ ಮುದ್ರೆ ಒತ್ತಿ, ಎಂಟೆಂಟು ಲೋಟ ಕುಡಿಯಿರೆಂದು ಒಂಬೈನೂರು ಗುಂಪುಗಳಿಗೆ ಆಜ್ಞೆ ಹೊರಡಿಸಿತ್ತು. ಬೆಳಗಿನಿಂದ ಲ್ಯಾಬಕ್ಕ ಸಿಟ್ಟು ನುಂಗುತ್ತಲೇ ಇದ್ದಳು. ಈಗ ಸಿಟ್ಟು ಮಾಡಿಕೊಳ್ಳುವುದಕ್ಕೂ ಪುರುಸೊತ್ತಿಲ್ಲ ಎನಿಸಿತು. ನಾಲ್ಕನೇ ಟ್ಯಾಂಕು ತೊಳೆಯಲು ಅವಳೇ ಬೆಳಗ್ಗೆ ಚೀಟಿ ಬರೆದು ಸಹಿ ಹಾಕಿದ್ದಳು. ಹಗಲು ನೀರು ನಿಲ್ಲಿಸಿದರೆ ಜನ ಫೋನ್ ಮಾಡಿ ಪ್ರಾಣ ತಿನ್ನುತ್ತಾರೆಂದು ಸಾಹೇಬರು ಆ ಕೆಲಸವನ್ನು ಕಚೇರಿ ಮುಗಿದ ನಂತರಕ್ಕೆ ತಳ್ಳಿದ್ದರು. ಅವಳು ಮೇಜಿನ ಫೋನೆತ್ತಿ, ಟ್ಯಾಂಕಿನ ಬಳಿ ಕೂತಿದ್ದ ವಾಲ್ವ್ ತಿರುಗಿಸುವವನಿಗೆ, ಸಂಜೆಯವರೆಗೆ ಕಾಯಬೇಡ, ಈಗಲೇ ಮುಚ್ಚು, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು, ಎಂದಳು. ಯಾವ ಹೆಸರು ಎಂದು ಅವನು ಕೇಳಿದ. ಲ್ಯಾಬಕ್ಕ ಅಂತಲೇ ಹೇಳು ಎಂದು ಫೋನಿಟ್ಟಳು.

ಕಾಲು ಗಂಟೆ ಕಚೇರಿ ತಣ್ಣಗಿತ್ತು. ಆಮೇಲೆ ಮೊದಲ ಫೋನು ಬಂತು. ಅದನ್ನು ಕೆಳಗಿಡುವ ಮೊದಲೇ ಪಕ್ಕದ ಮೇಜಿನದು, ಅದರ ಹಿಂದೆ ಮೇಲಿನ ಮಹಡಿಯದು. ತಿಳಿನೀಲಿ ಲೋಟ ನೋಡಿ ಮುಂದೆ ಸರಿಯದಿದ್ದ ಬೆರಳುಗಳೆಲ್ಲ ಈಗ ಕಚೇರಿಯ ನಂಬರು ಒತ್ತುತ್ತಿದ್ದವು. ನೀರು ಯಾಕೆ ನಿಂತಿತು ಎಂದು ಕೇಳಿದವರಿಗೆಲ್ಲ ಲ್ಯಾಬಕ್ಕ ಒಂದೇ ಮಾತು ಹೇಳಿದಳು. ಟ್ಯಾಂಕಿಗೆ ಚರಂಡಿ ನೀರು ಸೇರಿದೆ, ಹಿಡಿದಿಟ್ಟ ನೀರು ಕುದಿಸದೆ ಕುಡಿಯಬೇಡಿ, ಪಕ್ಕದ ಮನೆಗೂ ಹೇಳಿ. ಸ್ವೈಪಣ್ಣನನ್ನು ಎಳೆದು ಎರಡನೇ ಫೋನಿನ ಮುಂದೆ ಕೂರಿಸಿದಳು. ಅವನು ಮೊದಲ ಎರಡು ಕರೆಗಳಿಗೆ, ನಿಮಗೊಂದು ಕುತೂಹಲದ ಸಂಗತಿ ಗೊತ್ತೆ, ಎಂದು ಶುರುಮಾಡಿ ಸಿಕ್ಕಾಪಟ್ಟೆ ಬೈಸಿಕೊಂಡ. ಮೂರನೆಯದರಿಂದ ನೆಟ್ಟಗಾದ.

ಸಾಹೇಬರು ಮೆಟ್ಟಿಲಿಳಿದು ಬಂದರು.

ಸಾಹೇಬರು: ಯಾರನ್ನ ಕೇಳಿ ನೀರು ನಿಲ್ಲಿಸಿದ್ರಿ? ಊರೆಲ್ಲ ಫೋನ್ ಮಾಡ್ತಿದೆ.

ಲ್ಯಾಬಕ್ಕ: ಮಾಡ್ಲಿ ಸಾರ್. ಊರಿಗೆ ಒಂದು ಮಾತು ಹೇಳೋಕೆ ಅಂತಲೇ ಬೆಳಗ್ಗಿಂದ ಒದ್ದಾಡ್ತಿರೋದು.

ಸಾಹೇಬರು: ನೀರು ಬಿಡಿಸಿ ಮೊದಲು. ಪೋಸ್ಟ್ ಹಾಕಿದೀವಲ್ಲ, ಎಲ್ಲರಿಗೂ ವಿಷಯ ತಲುಪಿದೆ. ಲಿಖಿತ ಕಾರಣ ಕೊಡಬೇಕಾಗುತ್ತೆ ನೀವು.

ಲ್ಯಾಬಕ್ಕ: ಕೊಡ್ತೀನಿ. ಒಂದೇ ಪುಟದಲ್ಲಿ.

ಸ್ವೈಪಣ್ಣನ ಮುಂದಿನ ಫೋನು ಮತ್ತೆ ಬಡಿದುಕೊಂಡಿತು. ಕಿವಿ ಉರಿಯುತ್ತಿದ್ದರಿಂದ ಅವನು ರಿಸೀವರ್ ಎತ್ತದೆ ಸ್ಪೀಕರಿನ ಗುಂಡಿ ಒತ್ತಿದ. ಹೆಂಗಸಿನ ದನಿಯೊಂದು ಕೋಣೆಯನ್ನೆಲ್ಲ ತುಂಬಿತು.

ಫೋನಿನ ದನಿ: ನೀರು ಯಾಕಪ್ಪಾ ನಿಲ್ಲಿಸಿದ್ರಿ? ನಮ್ಮ ಯಜಮಾನ್ರು ನಿಮ್ಮ ಕಚೇರಿ ಸಾಹೇಬ್ರೇ. ಅವರ ಫೋನ್ ಹೊಡ್ಕೊಂಡು ಹೊಡ್ಕೊಂಡು ಸಾಕಾಯ್ತು, ಎತ್ತುತಾ ಇಲ್ಲ.

ಲ್ಯಾಬಕ್ಕ: ಅಮ್ಮಾ, ಅವರು ಕಳಿಸಿದ ಪೋಸ್ಟ್ ನೋಡಿದ್ರಾ?

ಫೋನಿನ ದನಿ: ನೋಡ್ದೆ, ಹೃದಯಾನೂ ಒತ್ತಿದೆ. ಆ ಎಂಟು ಲೋಟದ್ದು ನಮ್ಮತ್ತೆಗೆ ಬಹಳ ಹಿಡಿಸ್ತು. ಮಗನ ಕಚೇರಿಯಿಂದಾನೇ ಬಂದಿದೆ ಅಂತ ಕೂತಲ್ಲೇ ಆರು ಲೋಟ ಮುಗಿಸಿದಾರೆ. ಇನ್ನೆರಡಕ್ಕೆ ಲೋಟ ಹಿಡ್ಕೊಂಡು ನಲ್ಲಿ ಮುಂದೆ ನಿಂತಿದಾರೆ, ಬೇಗ ಬಿಡ್ಸಿ.

ಸಾಹೇಬರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಮೇಜಿನ ಮೇಲೆ ಬಗ್ಗಿ ಫೋನಿಗೆ ಬಾಯಿ ತಾಗಿಸಿದರು.

ಸಾಹೇಬರು: ಲೇ, ಅಮ್ಮನಿಗೆ ಕೊಡಬೇಡ. ನೀರು ಕೆಟ್ಟಿದೆ. ಒಂದು ಹನಿ ಕೊಡಬೇಡ. ಈಗಲೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗು.

ಆ ಕಡೆ ನೆಲದ ಮೇಲೆ ಲೋಟವೊಂದು ಉರುಳಿದ್ದು ಕೇಳಿಸಿತು.

ಫೋನಿನ ದನಿ: ಇಷ್ಟು ಚೆನ್ನಾಗಿ ಹೇಳೋಕೆ ಬರುತ್ತಲ್ರೀ ನಿಮಗೆ. ಬೆಳಗ್ಗೆ ಏನಾಗಿತ್ತು?

ಕರೆ ಕಡಿಯಿತು. ಸಾಹೇಬರು ಅದೇ ಫೋನಿನ ಮೇಲೆ ಬಗ್ಗಿಕೊಂಡೇ ಇದ್ದರು. ಅದು ಮತ್ತೆ ಬಡಿದುಕೊಂಡಿತು. ಸ್ವೈಪಣ್ಣ ಕೈ ಚಾಚುವ ಮೊದಲೇ ಅವರು ರಿಸೀವರ್ ಕಿತ್ತುಕೊಂಡು, ಯಾರು, ಎಲ್ಲಿಂದ ಎಂದು ಕೂಡ ಕೇಳದೆ, ಊರಿಗೇ ಕೇಳಿಸುವಂತೆ ಹೇಳಿದರು:

ಸಾಹೇಬರು: ಕುಡೀಬೇಡಿ.