ಕೇಳದೆ ಕೊಂಡೊಯ್ದ ತೊಟ್ಟಿಲು

ದೇಶದ ಜನಸಂಖ್ಯೆ ಬೆಳೆಯುವ ವೇಗ ಕುಗ್ಗುತ್ತಿದೆಯೆಂದು ಪೇಪರಿನಲ್ಲಿ ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಯ ತೊಟ್ಟಿಲು ಆ ಸುದ್ದಿಯನ್ನು ಎಂದೋ ಕೊಟ್ಟಿತ್ತು. ವಿಜಯಪುರದ ನಮ್ಮ ಮನೆತನಕ್ಕೆಲ್ಲ ಇರುವುದು ಸಾಗವಾನಿಯ ಒಂದೇ ತೊಟ್ಟಿಲು. ಬಸುರಿಯಾದವಳು ತಾನಾಗಿ ಕೇಳಬೇಕು, ಆಮೇಲೆಯೇ ಕಳಿಸಬೇಕು, ಅದು ಪದ್ಧತಿ. ಹಿಂದೆ ಒಂದು ಕೂಸು ಅದರಿಂದ ಇಳಿಯುವುದರೊಳಗೆ ಇನ್ನೊಂದು ಮನೆಯ ಚಕ್ಕಡಿ ಬಂದು ನಿಲ್ಲುತ್ತಿತ್ತಂತೆ. ನಾವು ಅಣ್ಣತಮ್ಮ ಅಕ್ಕತಂಗಿ ಆರು ಮಂದಿ ಅದರಲ್ಲೇ ಮಲಗಿ ಎದ್ದವರು. ಕೊನೆಗೆ ನನ್ನ ಮಗಳು ಮೇಘಾಳಿಗಾಗಿ ಬಂದದ್ದು, ಮುಂದೆ ಯಾರೂ ಕೇಳದೆ, ನನ್ನ ಬ್ಯಾಂಕಿನ ವರ್ಗಾವಣೆಗಳ ಜೊತೆ ಊರೂರು ಸುತ್ತಿ ಈಗ ನಾಶಿಕದಲ್ಲಿದೆ. ಖಾಲಿ ಇಡಬಾರದೆಂದು ನನ್ನ ಹೆಂಡತಿ ಅದಕ್ಕೆ ಉಳ್ಳಾಗಡ್ಡಿ ತುಂಬಿದ್ದಾಳೆ. ರಜೆಯ ಮಧ್ಯಾಹ್ನ ಉಂಡು ಅದರ ಪಕ್ಕ ಅಡ್ಡಾದರೆ ಸಾಕು, ಕಣ್ಣು ಮುಚ್ಚುವಷ್ಟರಲ್ಲಿ ಉಳ್ಳಾಗಡ್ಡಿಗಳು ಹೊರಳಿ, ಕೈಕಾಲು ಬಡಿದು, ನನ್ನನ್ನು ‘ಅಜ್ಜಾ’ ಎನ್ನುತ್ತವೆ. ನನಗೆ ಮೊಮ್ಮಗು ಬೇಕಿತ್ತು. ಅದನ್ನು ಮಗಳಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಮೇಘಾ ಇರುವುದು ಛತ್ರಪತಿ ಸಂಭಾಜಿನಗರದಲ್ಲಿ. ಅಳಿಯ ಅಲ್ಲೇ ವಾಳೂಜಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮದುವೆಯಾಗಿ ಆರು ವರ್ಷ. ಹೋದ ಭಾನುವಾರ ತೊಟ್ಟಿಲನ್ನು ಕಾರಿನ ಮೇಲೆ ಕಟ್ಟಿದೆ.

“ಅಕಿ ಕೇಳ್ಯಾಳೇನ್ರಿ?” ಎಂದಳು ಹೆಂಡತಿ.

“ಸುಮ್ಮನ ಇಟ್ಟ ಬರೂಣು,” ಎಂದೆ.

ಕಾರು ನಡೆಸುವವಳು ಅವಳೇ. ದಾರಿಯುದ್ದಕ್ಕೂ ನೆತ್ತಿಯ ಮೇಲೆ ತೊಟ್ಟಿಲ ಸರಪಳಿ ಗಾಳಿಗೆ ಕಿಣಿಕಿಣಿ ಎನ್ನುತ್ತಿತ್ತು. ನಾನು ಅರೆಗಣ್ಣಿನಲ್ಲಿ ಹೆಸರು ಆರಿಸುತ್ತಿದ್ದೆ.

ಮಗಳ ಅಪಾರ್ಟ್‌ಮೆಂಟಿನಲ್ಲಿ ತೊಟ್ಟಿಲು ಇಳಿಸಿದ್ದೇ ತಡ, ಮೇಲಿನ ಮಹಡಿಯ ಹಿರಿಯಾಕೆ, ಎಲ್ಲರ ಕಾಕೂ, ಪೇಢೆಯ ಡಬ್ಬಿ ಹಿಡಿದು ಇಳಿದು ಬಂದರು. ಮೇಘಾಳ ಹಣೆಗೆ ಕುಂಕುಮ ಹಚ್ಚಿ, ಎಷ್ಟನೆಯ ತಿಂಗಳೆಂದು ಮರಾಠಿಯಲ್ಲಿ ವಿಚಾರಿಸಿಯೂ ಬಿಟ್ಟರು. ಮಗಳು ನನ್ನ ಮುಖ ನೋಡಿದಳು. ನಾನು ಪೇಢೆ ತಿನ್ನುತ್ತಿದ್ದೆ.

ಬಾಗಿಲು ಹಾಕಿಕೊಂಡ ಮೇಲೂ ಅವಳು ಬೈಯಲಿಲ್ಲ. ತೊಟ್ಟಿಲೊಳಗಿದ್ದ ಉಳ್ಳಾಗಡ್ಡಿ ಸಿಪ್ಪೆ ಹೆಕ್ಕುತ್ತ ಹೇಳಿದಳು: “ಪಪ್ಪಾ, ಸಣ್ಣಾಕಿ ಇದ್ದಾಗ ನಂಗೊಬ್ಬ ತಮ್ಮ ಬೇಕಂದಿದ್ದೆ, ನೆನಪೈತೇನ್ರಿ? ಮುಂದಿನ ಟ್ರಾನ್ಸ್‌ಫರ್ ಆಗ್ಲಿ ಅಂದ್ರಿ. ಪ್ರತಿ ಊರಾಗೂ ದಾರಿ ನೋಡಿದೆ. ಈಗ ನಮಗ ಬೇಕನಿಸಿದ್ರ ನಾನ ಕೇಳ್ತೀನಿ. ಅನಿಸದೇನೂ ಇರಬಹುದು.”

ಐದು ವರ್ಗಾವಣೆ ಕಣ್ಣ ಮುಂದೆ ಬಂದವು. ಪ್ರತಿಯೊಂದರಲ್ಲೂ ನನಗೆ ಒಳ್ಳೆಯ ಕಾರಣವೇ ಇತ್ತು. ಅವಳಿಗೆ ಮಾತ್ರ ಕಾರಣ ಇರಬಾರದೆಂದು ನಾನು ಕಾರಿಗೆ ತೊಟ್ಟಿಲು ಕಟ್ಟಿಕೊಂಡು ಬಂದಿದ್ದೆ. ನಾಚಿಕೆಯಾಯಿತು. ಸಂಜೆ ತೊಟ್ಟಿಲಿಗೆ ಮತ್ತೆ ಹಗ್ಗ ಬಿಗಿಯುತ್ತಿದ್ದಾಗ, ಬಸುರಿಗೇನಾಯಿತೋ ಎಂದು ಕಾಕೂ ಗಾಬರಿಯಿಂದ ಓಡಿ ಬಂದರು. ಮಗಳನ್ನು ಬಚಾವು ಮಾಡಲು ನನ್ನ ಹರಕು ಮರಾಠಿಯಲ್ಲಿ, “ಅವಳಿಗಲ್ಲ, ಇದು ನಮ್ಮ ಮನೆಗೇ ಬೇಕು,” ಎಂದೆ. ಕಾಕೂ ನನ್ನ ಬಿಳಿಗೂದಲನ್ನು ಒಮ್ಮೆ ನೋಡಿದರು. ಆಮೇಲೆ ಕಾರಿನತ್ತ ಹೋಗಿ, ಸ್ಟೀರಿಂಗ್ ಹಿಡಿದು ಕೂತಿದ್ದ ನನ್ನ ಹೆಂಡತಿಯ ಹಣೆಗೆ ಕುಂಕುಮ ಹಚ್ಚಿ, ಉಳಿದ ಪೇಢೆಯನ್ನೆಲ್ಲ ಅವಳ ಉಡಿಗೆ ಹಾಕಿದರು.