ಹೋಲಿಕೆ ಕಲಿಸಲು ಹೋದವನ ಪಾಡು

ಪುಸ್ತಕದಲ್ಲಿ ಸರಿಯಾಗಿರುವ ಉತ್ತರ ನನ್ನ ತರಗತಿಗೆ ಬಂದೊಡನೆ ತಲೆಕೆಳಗಾಗುತ್ತದೆ. ವಾರಕ್ಕೊಮ್ಮೆಯಾದರೂ ಹೀಗಾಗದಿದ್ದರೆ ಈಗ ನನಗೇ ಬೇಸರ. ರಾಣೆಬೆನ್ನೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರ್ಕ ಕಲಿಸುತ್ತೇನೆ. 'ಇದು ಅದರ ಹಾಗೆ, ಆದ್ದರಿಂದ ಹೀಗೆ ಮಾಡಬೇಕು' ಎಂದು ಪ್ರಶ್ನೆಯಲ್ಲಿ ಯಾರೋ ವಾದಿಸಿರುತ್ತಾರೆ. ಆ ಹೋಲಿಕೆ ಎಲ್ಲಿ ತಪ್ಪುತ್ತದೆ ಎಂದು ಹುಡುಕಬೇಕು.

ಈ ಸಲ ಅಂಜಿಕೆಯೂ ಇತ್ತು. ನನ್ನ ತರಗತಿಯ ಅತಿ ಜಾಣೆ ಬ್ಯಾಡಗಿಯ ಒಂದು ಮನೆಯ ಸೊಸೆ. "ನಾನ ಒಂದಿನ ಬಂದು ನೋಡತೇನಿ. ಕಲಿಯೂದು ಕಾಣಲಿಲ್ಲಂದ್ರ ಕ್ಲಾಸ್ ಬಿಡಸತೇನಿ" ಎಂದು ಅವಳ ಅತ್ತೆ ಸಾರಿಬಿಟ್ಟಿದ್ದರು.

೧. ಗಿಡ

"ವಿದ್ಯಾರ್ಥಿಗಳು ಗಿಡಗಳಿದ್ದಂತೆ. ನೀರೆರೆದರೆ ಎಲ್ಲ ಗಿಡವೂ ಬೆಳೆಯುತ್ತದೆ. ಆದ್ದರಿಂದ ಎಲ್ಲರಿಗೂ ಒಂದೇ ಪಾಠ ಸಾಕು." ತಪ್ಪೆಲ್ಲಿ ಎಂದು ಕೇಳಿದೆ. ಹೊಲದಲ್ಲಿ ಹೈಬ್ರಿಡ್ ಬೀಜ ಬೆಳೆಯುವ ಮನೆಯವನೊಬ್ಬ ಎದ್ದ.

"ಸರ, ನಾವು ಗಿಡ ಆಗೂದು ಬ್ಯಾಡ್ರಿ."

"ಯಾಕಪಾ?"

"ಬೀಜದ ಪ್ಲಾಟಿನ್ಯಾಗ ಗಂಡು ಸಾಲು ಬ್ಯಾರೆ, ಹೆಣ್ಣು ಸಾಲು ಬ್ಯಾರೆ. ಗಂಡು ಹೂವಿನ ಪರಾಗ ಹೆಣ್ಣಿಗೆ ಹಚ್ಚಿ ಕ್ರಾಸಿಂಗ್ ಮುಗದಮ್ಯಾಲೆ ಗಂಡು ಸಾಲು ಕಿತ್ತು ಬದುವಿಗೆ ಒಗೀತೇವ್ರಿ!"

ಹುಡುಗಿಯರ ಬೆಂಚಿನಿಂದ ದನಿ ಬಂತು: "ಸರ, ಹೋಲಿಕಿ ಭಾಳ ಚಲೋ ಐತ್ರಿ. ತಪ್ಪೇನ ಇಲ್ಲ."

೨. ತಂದೆ

"ಕಚೇರಿ ಒಂದು ಕುಟುಂಬ. ಅಧಿಕಾರಿ ತಂದೆ. ಆದ್ದರಿಂದ ಅವರ ಮಾತು ಮೀರಬಾರದು." ಹಾವೇರಿಯ ಕಚೇರಿಯೊಂದರ ಗುಮಾಸ್ತರು ಇಲಾಖಾ ಪರೀಕ್ಷೆಗೆಂದು ನನ್ನಲ್ಲಿಗೆ ಬರುತ್ತಿದ್ದರು. ಅವರು ಬಹಳ ಗಂಭೀರವಾಗಿ ಹೇಳಿದರು:

"ವರ್ಷದಾಗ ಮೂರು ಮಂದಿ ಸಾಹೇಬ್ರು ವರ್ಗಾ ಆಗಿ ಹೋದ್ರು ಸರ. ಅಪ್ಪ ಹಿಂಗ ಬದಲಾಗಾಕತ್ರ ಅವ್ವನ ಗತಿ ಏನ್ರಿ?"

೩. ಸುಕ್ಕು

ಒಂದು ರವಿವಾರ ಅತ್ತೆ ಬಂದೇ ಬಿಟ್ಟರು. ಮನೆತನದ ಮೆಣಸಿನಕಾಯಿ ವ್ಯಾಪಾರ, ಕಂಡದ್ದು ಹೇಳುವ ಬಾಯಿ. ಸೊಸೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಕೈಗೆ ಸಿಕ್ಕ ಪ್ರಶ್ನೆ ಓದಿದೆ:

"ಸುಕ್ಕು ಬಿದ್ದ ಹಣ್ಣನ್ನು ಅಂಗಡಿಯವನು ಎಸೆಯುತ್ತಾನೆ. ಹಾಗೆಯೇ ವಯಸ್ಸಾದವರನ್ನು ಸಂಸ್ಥೆ ಕೆಲಸದಿಂದ ಬಿಡಿಸಬೇಕು. ತಪ್ಪೆಲ್ಲಿ?"

ಸೊಸೆ ಏಳುವ ಮೊದಲೇ ಅತ್ತೆ ಎದ್ದರು. "ಯಾವ ಊರ ಅಂಗಡಿಯಾವರಿ ಅವ? ನಮ್ಮ ಕಾಯಿ ಸುಕ್ಕು ಬಿದ್ದಷ್ಟೂ ಚಲೋ. ನುಣ್ಣಗಿದ್ದದ್ದನ್ನ ಬ್ಯಾಡಗಿ ಪ್ಯಾಟ್ಯಾಗ ಯಾರು ಕೇಳತಾರ?"

"ಅತ್ತಿ, ಕುಂದರ್ರಿ, ಪುಸ್ತಕದ ಉತ್ತರ ಅದಲ್ಲ" ಎಂದು ಸೊಸೆ ಎದ್ದಳು. "ಸರ, ಸುಕ್ಕು ಬಿದ್ರ ಹಣ್ಣಿನ ರುಚಿ ಹೋಗತೈತಿ. ಮನಷ್ಯಾರಿಗೆ ವಯಸ್ಸಾದ್ರ ಕೆಲಸದ ತಿಳುವಳಿಕಿ ಹೆಚ್ಚಾಗತೈತಿ. ನಮ್ಮ ಅತ್ತಿಯವರನ್ನ ನೋಡ್ರಿ. ಎಷ್ಟ ಸುಕ್ಕ ಬಿದ್ದಾವು, ಆದ್ರೂ ಮೆಣಸಿನಕಾಯಿ ಆರಿಸೂದ್ರಾಗ ಅವರನ್ನ ಮೀರಿಸೂವರಿಲ್ಲ!"

ಅತ್ತೆ ಒಮ್ಮೆ ಕೆನ್ನೆ ಮುಟ್ಟಿ ನೋಡಿಕೊಂಡರು. ಮುಗಿಯಿತು, ಒಳ್ಳೆಯ ವಿದ್ಯಾರ್ಥಿನಿ ಕೈತಪ್ಪಿದಳು ಎಂದುಕೊಂಡೆ.

"ಸರ, ಇಕಿ ಹೇಳಿದ್ದು ಖರೇ ಏನ್ರಿ?"

"ಖರೇರಿ ತಾಯಿ. ಪೂರ್ತಿ ಮಾರ್ಕ್ಸ್."

ಅವರು ಚೀಲವನ್ನು ಸೊಸೆಯ ಕೈಗೆ ಕೊಟ್ಟರು. "ಹಂಗಾರ ಇಕಿ ದಿನಾ ಬರ್ಲಿ. ಜತಿಗೆ ನಮ್ಮ ಯಜಮಾನ್ರಿಗೂ ಒಂದು ಜಾಗಾ ಹಿಡೀರಿ. 'ನಿನಗ ವಯಸ್ಸಾತು, ಇನ್ನ ಅಂಗಡಿಗೆ ಬರಬ್ಯಾಡ' ಅಂತ ನಿನ್ನೆ ನನಗ ಅಂದಾರ!"